ಬೀಸುಕಲ್ಲಿನ ಸೀನು

ಕುಲ್ಸುಮ್ ಬೀಯ ಮನೆ ಹುಮನಾಬಾದಿನ ಪಿಂಜಾರರ ಓಣಿಯಲ್ಲಿತ್ತು. ಅವಳ ಗಂಡ ಬದ್ರುದ್ದೀನ್ ಮೊದಲು ಅಪ್ಪ, ಅಜ್ಜರಂತೆಯೇ ಬಿಲ್ಲು ಹಿಡಿದು ಅರಳೆ ಹಿಂಜುತ್ತಿದ್ದ. ಅರಳೆಯ ಧೂಳು ಎದೆಗಿಳಿದು ಕೆಮ್ಮು ಹತ್ತಿದ ಮೇಲೆ ಆ ಕಸುಬು ಬಿಟ್ಟು, ಊರ ಹೊರಗಿನ ಬಯಲಿನಲ್ಲಿ ಡೇರೆ ಹೊಡೆದಿದ್ದ ಟೂರಿಂಗ್ ಸಿನೇಮಾದ ಬಾಗಿಲು ಕಾಯುವ ಕೆಲಸಕ್ಕೆ ಸೇರಿಕೊಂಡ. ಕುಲ್ಸುಮ್ ಬೀ ಮಾತ್ರ ಮನೆತನದ ಕೆಲಸ ಬಿಡಲಿಲ್ಲ. ಉಳ್ಳವರ ಮನೆಗಳಿಗೆ ಹೋಗಿ ಗಾದಿ, ದಿಂಬು, ರಜಾಯಿ ಹೊಲಿದುಕೊಡುತ್ತಿದ್ದಳು.

ಗಾದಿ ಹೊಲಿಯುವುದು ಒಬ್ಬಳೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಲ್ಲ. ಪಡಸಾಲೆಯ ನಡುವೆ ಗಾದಿಯ ಬಟ್ಟೆಯ ಗಲೀಫು ಹಾಸಿ, ಅದರೊಳಗೆ ಅರಳೆ ತುಂಬಿ, ಅದರ ಮೇಲೆಯೇ ಕುಳಿತು ದೊಡ್ಡ ಸೂಜಿಯಿಂದ ಟಾಕು ಹಾಕುತ್ತ ಹೋಗಬೇಕು. ಮಧ್ಯಾಹ್ನವಿಡೀ ಕೈಗೆ ಕೆಲಸ, ಬಾಯಿಗೆ ಬಿಡುವು. ಸುತ್ತ ಮನೆಯ ಹೆಂಗಸರು ಜೋಳ ಹಸನು ಮಾಡುತ್ತ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂಡುತ್ತಿದ್ದರು. ಅವರಿಗೆ ಕುಲ್ಸುಮ್ ಬೀ ಸಿನೇಮಾದ ಕತೆ ಹೇಳುತ್ತಿದ್ದಳು.

ಡೇರೆಯಲ್ಲಿ ಹೆಂಗಸರಿಗೆಂದು ಪರದೆ ಕಟ್ಟಿ ಬೇರೆ ಜಾಗ ಮಾಡಿದ್ದರು. ಆದರೂ ಸಾವುಕಾರರ ಮನೆಯ ಹೆಂಗಸರು ಅಲ್ಲಿಗೆ ಹೋಗುತ್ತಿರಲಿಲ್ಲ. ಹೋದರೂ ಅವರಿಗೆ ತಿಳಿಯುವ ಹಾಗಿರಲಿಲ್ಲ. ಬರುತ್ತಿದ್ದವೆಲ್ಲ ಬೊಂಬಾಯಿಯ ಸಿನೇಮಾಗಳು, ಮಾತು ಉರ್ದುವಿನದು. ಪಿಂಜಾರರು ಮನೆಯಲ್ಲಿ ಕನ್ನಡ ಆಡುವವರು, ಬಜಾರದಲ್ಲಿ ಉರ್ದು ಆಡುವವರು. ಕುಲ್ಸುಮ್ ಬೀಗೆ ಎರಡೂ ಸಲೀಸು. ಬಾಗಿಲು ಕಾಯುವವನ ಹೆಂಡತಿಯಾದ್ದರಿಂದ ಒಂದೇ ಸಿನೇಮಾವನ್ನು ನಾಲ್ಕೈದು ಸಲ ನೋಡುವುದಕ್ಕೂ ಅಡ್ಡಿಯಿರಲಿಲ್ಲ. ಅವಳ ಬಾಯಲ್ಲಿ ಬೊಂಬಾಯಿಯ ಬಂಗಲೆ ಮುಡಬಿಯ ಗೌಡರ ವಾಡೆಯಾಗುತ್ತಿತ್ತು, ರೈಲು ಗಾಡಿ ಗುಲಬರ್ಗಾಕ್ಕೆ ಹೋಗುತ್ತಿತ್ತು. ಹಾಡುಗಳನ್ನು ಕನ್ನಡಕ್ಕೆ ತರಲು ಬಾರದೆ, ಆ ಜಾಗದಲ್ಲಿ ಬೀಸುವ ಪದವನ್ನೋ ಕುಟ್ಟುವ ಪದವನ್ನೋ ತಾನೇ ಕಟ್ಟಿ ಸೇರಿಸುತ್ತಿದ್ದಳು. ಅದನ್ನು ಅವಳು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ.

೧೯೪೭ರ ಮಳೆಗಾಲ ಮುಗಿದ ಮೇಲೆ ಡೇರೆಗೆ ಒಂದು ಸಿನೇಮಾ ಬಂತು. ಅದರ ಹೆಸರು ಆಮೇಲೆ ಅವಳಿಗೆ ನೆನಪಿರಲಿಲ್ಲ, ಕತೆ ನೆನಪಿತ್ತು. ಆಗ ಅವಳು ಬಟ್ಟೆ ವ್ಯಾಪಾರಿ ಚನ್ನಬಸಪ್ಪನವರ ಮನೆಯಲ್ಲಿ ಗಾದಿ ಹೊಲಿಯುತ್ತಿದ್ದಳು. ಚನ್ನಬಸಪ್ಪನವರ ತಾಯಿ ಸಂಗಮ್ಮ, ಹೆಂಡತಿ ದ್ರೌಪತಿ ಇಬ್ಬರೂ ಎದುರಿಗೆ ಕುಳಿತಿದ್ದರು.

ಕತೆ ಹೀಗಿತ್ತು. ಒಬ್ಬಳು ಶ್ರೀಮಂತರ ಮನೆಯ ಸೊಸೆ. ಗಂಡ ವ್ಯಾಪಾರಕ್ಕೆಂದು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅತ್ತೆ ಸೊಸೆಯ ಮೇಲೆ ಇಲ್ಲದ ಅಪವಾದ ಹೊರಿಸಿ, ಸುರಿಯುವ ಮಳೆಯಲ್ಲಿ ಮನೆಯಿಂದ ಹೊರಗೆ ಹಾಕುತ್ತಾಳೆ. ಅವಳು ಗುರುತಿಲ್ಲದ ಊರಿನಲ್ಲಿ ಯಾರ ಯಾರ ಮನೆಯಲ್ಲೋ ಬೀಸಿ, ಕುಟ್ಟಿ ಹೊಟ್ಟೆ ಹೊರೆಯುತ್ತಾಳೆ. ವರ್ಷಗಳ ಮೇಲೆ ಗಂಡ ತಿರುಗಿ ಬರುತ್ತಾನೆ, ಮೊದಲು ತಾಯಿಯ ಮಾತು ನಂಬುತ್ತಾನೆ, ಆಮೇಲೆ ನಿಜ ತಿಳಿದು ಹುಡುಕಿಕೊಂಡು ಹೋಗುತ್ತಾನೆ. ಹೋಗುವಷ್ಟರಲ್ಲಿ ಅವಳು ಹಾಸಿಗೆ ಹಿಡಿದಿರುತ್ತಾಳೆ. ಕಷ್ಟಪಟ್ಟು ಎದ್ದು ಅವನ ಕಾಲ ಮೇಲೆ ತಲೆ ಇಡುತ್ತಾಳೆ. "ನಿನ್ನನ್ನು ಕ್ಷಮಿಸಿದೆ" ಎಂದು ಅವನು ಹೇಳುತ್ತಾನೆ. ಅವಳ ಜೀವ ಹೋಗುತ್ತದೆ.

ಕುಲ್ಸುಮ್ ಬೀ ಇಷ್ಟನ್ನೂ ಸಿನೇಮಾದಲ್ಲಿದ್ದ ಹಾಗೆಯೇ ಹೇಳಿದಳು. ದ್ರೌಪತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಂಗಮ್ಮ ಅಳಲಿಲ್ಲ.

"ಅಂವ ಕ್ಷಮಾ ಮಾಡಿದ್ನಾ? ಯಾತಕ್ಕ?" ಎಂದು ಕೇಳಿದಳು.

"ಸಿನೇಮಾದಾಗ ಹಾಂಗೇ ಅದ ರೀ ಅವ್ವಾರ."

"ಆಕಿ ಮಾಡಿದ ತಪ್ಪ ಏನು?"

"ಏನೂ ಇಲ್ರಿ."

"ತಪ್ಪ ಇಲ್ಲಂದ ಮ್ಯಾಲ ಕ್ಷಮಾ ಹ್ಯಾಂಗ ಮಾಡ್ತಾನ? ಅಷ್ಟ ವರ್ಷ ಬೀಸಿ ಬೀಸಿ ಕೈ ಬೊಬ್ಬಿ ಬಂದಾಕಿ ಆಕಿ. ಕಡೀಕ ಸಾಯಾಕೂ ಆಕೀನೇ ಬೇಕೇನು?"

ಕುಲ್ಸುಮ್ ಬೀ ಸೂಜಿಗೆ ದಾರ ಪೋಣಿಸುತ್ತ, "ನಾ ಏನ ಮಾಡ್ಲಿ ರೀ? ಬೊಂಬಾಯಿದಾಗ ಮಾಡಿ ಕಳಿಸ್ಯಾರ," ಎಂದಳು.

"ಬೊಂಬಾಯಿ ಮಂದಿ ಇಲ್ಲಿ ಬಂದು ಕೇಳ್ತಾರೇನು? ಗಾದಿ ಇನ್ನೂ ಅರ್ಧಾ ಉಳದದ. ನಾಳಿ ಬರೂ ಮುಂದ ಆಕಿನ್ನ ಬದುಕಿಸಿಕೊಂಡ ಬಾ."

ಸಂಗಮ್ಮ ತಮಾಷೆಗೆ ಹೇಳಿದವಳಲ್ಲ. ಮರುದಿನ ಕುಲ್ಸುಮ್ ಬೀ ಬಂದು ಗಾದಿಯ ಮೇಲೆ ಕುಳಿತ ಕೂಡಲೇ, "ಬದುಕಿದಳೇನು?" ಎಂದು ಕೇಳಿದಳು.

"ಬದುಕ್ಯಾಳ್ರಿ."

ಹೊಸ ಕೊನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿರಲಿಲ್ಲ. ಅವಳು ಒಂದು ಮನೆಯ ಹಿತ್ತಿಲಲ್ಲಿ ಜೋಳ ಬೀಸುತ್ತ ಕುಳಿತಿದ್ದಳು. ಗಂಡ ಬಂದು ಹೊಸ್ತಿಲಲ್ಲಿ ನಿಂತು ಅವಳ ಹೆಸರು ಕರೆದ. ಅವಳು ನೋಡಿದಳು, ಗುರುತು ಹಿಡಿದಳು, ಬೀಸುವುದನ್ನು ನಿಲ್ಲಿಸಲಿಲ್ಲ. "ಮನೆಗೆ ನಡೆ" ಎಂದ ಅವನು. "ಚೀಲ ಮುಗಿದಿಲ್ಲ" ಎಂದಳು ಅವಳು. ಅವನು ಹೊಸ್ತಿಲಲ್ಲೇ ನಿಂತ. ಆಗ ಅವಳು ಕಲ್ಲಿನ ಇನ್ನೊಂದು ಬದಿಯ ಜಾಗ ತೋರಿಸಿದಳು. ಶ್ರೀಮಂತರ ಮಗ ತಲೆಯ ಮೇಲಿನ ಜರಿಯ ಪಟಗ ತೆಗೆದಿಟ್ಟು, ಎದುರಿಗೆ ಕುಳಿತು, ಅವಳ ಜೊತೆ ಗೂಟಕ್ಕೆ ಕೈ ಹಚ್ಚಿದ. ಬೀಸುತ್ತ ಬೀಸುತ್ತ ಅವಳು ಆದದ್ದನ್ನೆಲ್ಲ ಹೇಳಿದಳು. ಇಲ್ಲಿ ಕುಲ್ಸುಮ್ ಬೀ ತಾನು ಕಟ್ಟಿದ ಪದ ಹಾಡಿದಳು:

ಕಲ್ಲೊಂದು ಗೂಟೊಂದು ಹಿಡಿಯಾಕ ಎರಡ ಕೈ
ನಿಲ್ಲಬ್ಯಾಡ ಬಂದು ಹೊಸಲಾಗ, ಕುಂತ ಬೀಸು
ಎಲ್ಲಾನೂ ಕೇಳು ಹಿಟ್ಟಾಗ

"ಆಮ್ಯಾಲ?" ಎಂದಳು ದ್ರೌಪತಿ.

"ಚೀಲ ಮುಗಿಯೂತನಕ ಬೀಸಿದ್ರು ರೀ. ಆಮ್ಯಾಲ ಮನಿಗಿ ಹೋದ್ರು."

"ಕ್ಷಮಾ?"

"ಕ್ಷಮಾ ಯಾರೂ ಕೇಳಲಿಲ್ರಿ. ಹೊತ್ತ ಎಲ್ಲಿತ್ತು?"

ಸಂಗಮ್ಮ ತಲೆಯಾಡಿಸಿ, "ಈಗ ಸರಿ ಆತು," ಎಂದು ಎದ್ದು ಹೋದಳು. ಮುಂದಿನ ತಿಂಗಳುಗಳಲ್ಲಿ ಕುಲ್ಸುಮ್ ಬೀ ಎಲ್ಲ ಮನೆಗಳಲ್ಲೂ ಆ ಕತೆಯನ್ನು ಇದೇ ಕೊನೆಯೊಂದಿಗೆ ಹೇಳಿದಳು. ದ್ರೌಪತಿಗೆ ಅದು ಪದದ ಸಮೇತ ಬಾಯಿಪಾಠವಾಯಿತು.

೧೯೪೮ರಲ್ಲಿ ನಿಜಾಮರ ಕಡೆಯ ರಜಾಕಾರರ ಹಾವಳಿ ಹೆಚ್ಚಾಯಿತು. ಡೇರೆ ಸಿನೇಮಾ ಮುಚ್ಚಿತು. ಚನ್ನಬಸಪ್ಪನವರು ಅಂಗಡಿಗೆ ಕೀಲಿ ಹಾಕಿ, ತಾಯಿ ಮತ್ತು ಹೆಂಡತಿಯನ್ನು ಕರೆದುಕೊಂಡು, ಬೇರೆ ಎಷ್ಟೋ ಕುಟುಂಬಗಳ ಹಾಗೆ ನಿಜಾಮರ ಸೀಮೆಯ ಗಡಿ ದಾಟಿ ಸೊಲ್ಲಾಪುರಕ್ಕೆ ಹೋದರು. ಹೋಗುವಾಗ ಮನೆಯ ಹಿತ್ತಿಲ ಬಾಗಿಲಿನ ಕೀಲಿಯನ್ನು ಸಂಗಮ್ಮ ಕುಲ್ಸುಮ್ ಬೀಯ ಕೈಗೇ ಕೊಟ್ಟಿದ್ದಳು. ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ಅದಾದ ಮೇಲಿನ ವಾರಗಳಲ್ಲಿ ಆ ಸೀಮೆಯ ಮುಸಲ್ಮಾನ ಗಂಡಸರಿಗೆ ಏನೇನಾಯಿತೆಂಬುದು ಎಲ್ಲ ಊರುಗಳಿಗೂ ಗೊತ್ತು, ಯಾವ ಊರಿನಲ್ಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬದ್ರುದ್ದೀನ್ ನಿರ್ಣಾದಲ್ಲಿದ್ದ ತನ್ನ ಮುದಿ ಚಿಕ್ಕಮ್ಮನನ್ನು ಕರೆದುಕೊಂಡು ಬರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ನಿರ್ಣಾಕ್ಕೆ ಮುಟ್ಟಿದನೋ ಇಲ್ಲವೋ, ಅದೂ ತಿಳಿಯಲಿಲ್ಲ.

ಕುಲ್ಸುಮ್ ಬೀ ಕೆಲವು ತಿಂಗಳು ಕಾದಳು. ಆಮೇಲೆ ಕಲ್ಯಾಣಿಯಿಂದ ಅವಳ ಅಣ್ಣ ಸಿರಾಜುದ್ದೀನ್ ಬಂದು ತನ್ನ ಮನೆಗೆ ಕರೆದುಕೊಂಡು ಹೋದ. ಈಗ ಬಸವಕಲ್ಯಾಣ ಎನ್ನುವ ಊರಿಗೆ ಆಗ ಕಲ್ಯಾಣಿ ಎಂದೇ ಹೆಸರು. ಸಿರಾಜುದ್ದೀನನದು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ಚನ್ನಬಸಪ್ಪನವರ ಮನೆಯ ಕೀಲಿಯನ್ನು ಅವಳು ಊರು ಬಿಡುವಾಗ ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದಳು.

ಅತ್ತ ಸೊಲ್ಲಾಪುರದಲ್ಲಿ ಸಂಗಮ್ಮ ಜ್ವರ ಬಂದು ಮಲಗಿದ್ದಳು. ಹುಮನಾಬಾದಿನ ಏಳೆಂಟು ಮನೆತನಗಳು ಒಂದೇ ಧರ್ಮಶಾಲೆಯಲ್ಲಿ ಸೀರೆಗಳನ್ನು ಅಡ್ಡ ಕಟ್ಟಿಕೊಂಡು ಇದ್ದವು. ಮುದುಕಿ ಪ್ರತಿ ಮಧ್ಯಾಹ್ನ ಸೊಸೆಯಿಂದ ಆ ಕತೆ ಹೇಳಿಸಿಕೊಳ್ಳುತ್ತಿದ್ದಳು. ಸೀರೆಯ ಆಚೆಗೆ ಕೆಲಸವಿಲ್ಲದೆ ಕುಳಿತಿದ್ದ ಚನ್ನಬಸಪ್ಪನವರ ಕಿವಿಗೂ ಅದು ಬೀಳುತ್ತಿತ್ತು. ಸಂಗಮ್ಮ ತಿರುಗಿ ಹುಮನಾಬಾದು ನೋಡಲಿಲ್ಲ, ಅಲ್ಲಿಯೇ ತೀರಿಕೊಂಡಳು. ಕರ್ಮಾಂತರ ಮುಗಿಸಿ ಹುಮನಾಬಾದಿಗೆ ಮರಳಿದ ಮೇಲೆ ಚನ್ನಬಸಪ್ಪನವರು ಆ ಕತೆಯನ್ನು ಸಣ್ಣಾಟವಾಗಿ, ಹಳ್ಳಿಯ ರಂಗಕ್ಕೆ ಹೊಂದುವ ಹಾಡು ಮಾತಿನ ಆಟವಾಗಿ, ಬರೆದರು.

ಅವರಿಗೆ ಆಟ ಬರೆಯುವ ಹುಚ್ಚು ಮೊದಲಿನಿಂದಲೂ ಇತ್ತು. ಕಲ್ಯಾಣಿಯಲ್ಲಿ ರೈತರು, ನೇಕಾರರು ಸೇರಿ ಕಟ್ಟಿದ ಒಂದು ಸಣ್ಣಾಟದ ಮೇಳಕ್ಕೆ ಅವರೇ ಮಾಸ್ತರು. ಅಲ್ಲಿಯವರೆಗೆ ಬರೆದ ಎರಡೂ ಆಟಗಳ ಕತೆಯನ್ನು ಮರಾಠಿ ನಾಟಕಗಳಿಂದ ತಂದಿದ್ದರು, ತಂದಿದ್ದೇನೆಂದು ಹೇಳಿಕೊಳ್ಳಲು ಅವರಿಗೆ ಸಂಕೋಚವೂ ಇರಲಿಲ್ಲ. "ಕತಿ ಹುಟ್ಟಸೂದು ನನ್ನ ಕೆಲಸ ಅಲ್ಲ. ಅದನ್ನ ನಮ್ಮ ಮಾತಿನಾಗ ಕುಣಸೂದು ನನ್ನ ಕೆಲಸ," ಎನ್ನುತ್ತಿದ್ದರು. ಈ ಕತೆ ಬೊಂಬಾಯಿಯ ಸಿನೇಮಾದ್ದು ಎಂದು ಅವರು ತಿಳಿದಿದ್ದರು. ಹೆಂಡತಿಯ ಪಾತ್ರಕ್ಕೆ ಗಂಗವ್ವ ಎಂದು ಹೆಸರಿಟ್ಟು, ಆಟವನ್ನು 'ಅಪವಾದ ಹೊತ್ತ ಗಂಗವ್ವ' ಎಂದು ಕರೆದರು. ಬೀಸುಕಲ್ಲಿನ ಪದವನ್ನು ಹಾಗೆಯೇ ಇಟ್ಟುಕೊಂಡರು. ಕೊನೆಗೆ ಒಂದನ್ನು ಮಾತ್ರ ತಾವಾಗಿ ಸೇರಿಸಿದರು. ಬೀಸುವುದು ಮುಗಿದ ಮೇಲೆ ಗಂಗವ್ವ ಗಂಡನ ಕಾಲಿಗೆ ಬೀಳುತ್ತಾಳೆ, ಗಂಡ ಎತ್ತಿ ಹಿಡಿಯುತ್ತಾನೆ. ಇಲ್ಲದಿದ್ದರೆ ಮಂಗಳ ಹಾಡುವುದು ಎಲ್ಲಿ ಎಂದು ಅವರಿಗೆ ಅನ್ನಿಸಿತ್ತು.

೧೯೪೯ರ ಬೇಸಗೆಯಲ್ಲಿ ಆಟ ಕಲ್ಯಾಣಿಯಲ್ಲಿ ಮೊದಲ ಸಲ ನಡೆಯಿತು. ಗಂಗವ್ವನ ಪಾತ್ರ ಮಾಡಿದವನು ಬಸವಣಪ್ಪನೆಂಬ ನೇಕಾರ. ಜರಿ ಪಟಗದ ಗಂಡ ಬೀಸಲು ಕುಳಿತಾಗ ಗಂಡಸರು ಗೊಳ್ಳೆಂದು ನಕ್ಕರು. ಪದ ಶುರುವಾದ ಮೇಲೆ ನಗು ನಿಂತಿತು. ಹೆಂಗಸರ ಕಡೆ ಒಬ್ಬರೂ ಮಿಸುಕಲಿಲ್ಲ. ಸುತ್ತಿನ ಹಳ್ಳಿಗಳಿಂದ ಆಟಕ್ಕೆ ಕರೆದು ವೀಳ್ಯ ಬರತೊಡಗಿತು. ಜನ ಆಟದ ಹೆಸರು ಮರೆತು 'ಬೀಸುಕಲ್ಲಿನ ಆಟ' ಎಂದೇ ಕರೆದರು.

ಕುಲ್ಸುಮ್ ಬೀ ಅದೇ ಊರಿನಲ್ಲಿದ್ದರೂ ಅವಳಿಗೆ ಇದರ ಸುದ್ದಿ ಇರಲಿಲ್ಲ. ಆ ವರ್ಷ ಅವಳು ಕೆಲಸದ ಮನೆ ಮತ್ತು ಅಣ್ಣನ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಒಂದು ದಿನ ಕಿರಾಣಿ ಅಂಗಡಿಯವರ ಮನೆಯಲ್ಲಿ ರಜಾಯಿಗೆ ಟಾಕು ಹಾಕುತ್ತ ಕುಳಿತಾಗ, ಆ ಮನೆಯ ತುಳಜಾಬಾಯಿ ಕೇಳಿದಳು:

"ಬೀಸುಕಲ್ಲಿನ ಆಟ ನೋಡೀದೇನ ಕುಲ್ಸುಮ್ ಬೀ?"

"ಇಲ್ರಿ ಬಾಯಿ. ಯಾವ ಆಟ?"

"ಅಯ್ಯ, ಕೂಡು, ಹೇಳ್ತೀನಿ ಕೇಳು."

ತುಳಜಾಬಾಯಿ ಹೇಳತೊಡಗಿದಳು. ಗಂಡ ಹಡಗು ಹತ್ತಿದ. ಅತ್ತೆ ಅಪವಾದ ಹೊರಿಸಿದಳು. ಅಷ್ಟರವರೆಗೆ ಕುಲ್ಸುಮ್ ಬೀ ಆ ಸಿನೇಮಾ ಯಾರೋ ನೋಡಿರಬೇಕು ಎಂದುಕೊಂಡು ಹೊಲಿಯುತ್ತಿದ್ದಳು. ಗಂಡ ಹೊಸ್ತಿಲಲ್ಲಿ ನಿಂತ. ಗಂಗವ್ವ 'ಚೀಲ ಮುಗಿದಿಲ್ಲ' ಎಂದಳು. ಕುಲ್ಸುಮ್ ಬೀಯ ಕೈ ನಿಂತಿತು. ತುಳಜಾಬಾಯಿ ಪದವನ್ನೂ ಹಾಡಿದಳು, ಒಂದು ಅಕ್ಷರ ತಪ್ಪದ ಹಾಗೆ. ಬಜಾರಿನಲ್ಲಿ ಯಾರೋ ಅಪರಿಚಿತ ತನ್ನ ಗಂಡನ ಅಂಗಿ ತೊಟ್ಟುಕೊಂಡು ಎದುರಿಗೆ ಬಂದ ಹಾಗಾಯಿತು ಎಂದು ಅವಳು ಆಮೇಲೆ ದ್ರೌಪತಿಯ ಮುಂದೆ ಹೇಳಿದ್ದುಂಟು.

"ಆಮ್ಯಾಲ ಗಂಗವ್ವ ಗಂಡನ ಕಾಲಿಗಿ ಬೀಳ್ತಾಳ," ಎಂದಳು ತುಳಜಾಬಾಯಿ.

"ಇಲ್ರಿ ಬಾಯಿ. ಆಕಿ ಬೀಳಂಗಿಲ್ಲ."

"ನಾ ಕಣ್ಣಾರೆ ನೋಡೀನಿ. ನೀ ನೋಡೀದೇನು?"

"ನಾ ನೋಡಿಲ್ರಿ," ಎಂದು ಕುಲ್ಸುಮ್ ಬೀ ಮತ್ತೆ ಸೂಜಿ ಹಿಡಿದಳು. ಆ ಕತೆ ತನ್ನದು ಎನ್ನಲಿಲ್ಲ. ಎಂದರೆ ನಂಬುವವರು ಯಾರು ಎನ್ನುವುದು ಒಂದು, ತನ್ನದು ಹೇಗಾಯಿತು ಎನ್ನುವುದು ಇನ್ನೊಂದು. ಸಿನೇಮಾ ಮಾಡಿದವಳು ಅವಳಲ್ಲ.

ಹೆಚ್ಚು ಕಡಿಮೆ ಅದೇ ದಿನಗಳಲ್ಲಿ ಚನ್ನಬಸಪ್ಪನವರಿಗೂ ಒಂದು ಪೆಟ್ಟು ಬಿತ್ತು. ಮಹಾರುದ್ರಪ್ಪ ಎಂಬ ಶಾಲೆಯ ಮಾಸ್ತರರು ಗುಲಬರ್ಗಾದಲ್ಲಿ ಆ ಸಿನೇಮಾ ನೋಡಿದ್ದರು. ಮೇಳದವರು ಮಧ್ಯಾಹ್ನ ತಾಲೀಮು ನಡೆಸುತ್ತಿದ್ದ ಮಠದ ಕಟ್ಟೆಗೆ ಬಂದು, ಎಲ್ಲರ ಎದುರಿಗೆ ಹೇಳಿದರು:

"ಸಾವ್ಕಾರ್ರೆ, ಇದು ನಕಲು. ನಾ ಮೂಲ ನೋಡೀನಿ."

"ನಕಲು ಹೌದ್ರಿ ಮಾಸ್ತರ. ನಾ ಯಾವಾಗ ಅಲ್ಲಂದೆ?" ಎಂದರು ಚನ್ನಬಸಪ್ಪನವರು.

"ಆದರ ಒಂದ ಮಾತು. ಆ ಬೀಸುಕಲ್ಲಿನ ಸೀನು ಮಾತ್ರ ನಿಮ್ಮದೇ. ಸಿನೇಮಾದಾಗ ಅದು ಇಲ್ಲ. ಅಲ್ಲಿ ಆಕಿ ಸಾಯ್ತಾಳ. ಉಳಿದದ್ದೆಲ್ಲಾ ಕದ್ದೀರಿ ಅಂದ್ರೂ, ಆ ಸೀನಿಗೆ ನಿಮಗ ನಮಸ್ಕಾರ ಮಾಡಬೇಕು."

ಮೇಳದವರು ಹಿಗ್ಗಿದರು. ಚನ್ನಬಸಪ್ಪನವರು ಹುಮನಾಬಾದಿಗೆ ತಿರುಗಿ ಬಂದು, ಊಟಕ್ಕೆ ಕುಳಿತಾಗ ದ್ರೌಪತಿಯನ್ನು ಕೇಳಿದರು.

"ಬೀಸೂ ಸೀನು ಸಿನೇಮಾದಾಗ ಇಲ್ಲಂತಲ್ಲ?"

"ಇಲ್ರಿ. ಅದು ಕುಲ್ಸುಮ್ ಬೀ ಮಾಡಿದ್ದು."

"ನೀ ಹೇಳಲಿಲ್ಲಲ್ಲ?"

"ನೀವು ಕೇಳಲಿಲ್ಲಲ್ರಿ. ಯಾರ ಕತಿ ಅಂತ ನೀವು ಯಾವಾಗ ಕೇಳೀರಿ?"

ಚನ್ನಬಸಪ್ಪನವರು ಅರ್ಧಕ್ಕೆ ಊಟ ಬಿಟ್ಟು ಎದ್ದರು. ಬೊಂಬಾಯಿಯವರ ಕತೆ ತಂದಾಗ, ಮರಾಠಿಯವರ ಕತೆ ತಂದಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಆ ಮಂದಿಯ ಮುಖ ಅವರು ಕಂಡಿರಲಿಲ್ಲ. ಕುಲ್ಸುಮ್ ಬೀ ತಮ್ಮ ಪಡಸಾಲೆಯಲ್ಲಿ ಕುಳಿತವಳು. ಅವರು ಮಲಗುತ್ತಿದ್ದ ಗಾದಿ ಅವಳು ಹೊಲಿದದ್ದು. ತಮಗೆ ಸಲ್ಲದ ನಮಸ್ಕಾರವನ್ನು ಎಲ್ಲರೆದುರು ಸುಮ್ಮನೆ ತೆಗೆದುಕೊಂಡು ಬಂದದ್ದು ಅವರಿಗೆ ಚುಚ್ಚತೊಡಗಿತು.

ಅವಳು ಕಲ್ಯಾಣಿಯಲ್ಲಿದ್ದಾಳೆಂದು ಪಿಂಜಾರರ ಓಣಿಯಲ್ಲಿ ವಿಚಾರಿಸಿ ತಿಳಿದುಕೊಂಡು, ಗಂಡ ಹೆಂಡತಿ ಇಬ್ಬರೂ ಸಿರಾಜುದ್ದೀನನ ಮನೆಗೆ ಹೋದರು. ಅಂಗಳದಲ್ಲಿ ಕಲಾಯಿಯ ಕುಲುಮೆ, ಪಕ್ಕದಲ್ಲಿ ಒಂದು ಹಗ್ಗದ ಮಂಚ. ಅವರನ್ನು ಮಂಚದ ಮೇಲೆ ಕೂಡಿಸಿ, ಸಿರಾಜುದ್ದೀನ್ ಕೆಲಸ ನಿಲ್ಲಿಸಿ ಒಳಗೆ ಹೋದ. ಕುಲ್ಸುಮ್ ಬೀ ಹೊರಗೆ ಬಂದಳು. ದ್ರೌಪತಿ ಅವಳನ್ನು ನೋಡಿದ್ದು ವರ್ಷದ ಮೇಲಾಗಿತ್ತು.

"ಅವ್ವಾರು ಹ್ಯಾಂಗದಾರ್ರಿ ಅಕ್ಕಾರ?"

"ಅತ್ತಿ ಸೊಲ್ಲಾಪುರದಾಗೇ ಹೋದ್ರವಾ. ಬದ್ರುದ್ದೀನ್?"

"ಇನ್ನೂ ಬಂದಿಲ್ರಿ," ಎಂದಳು ಕುಲ್ಸುಮ್ ಬೀ. ಚನ್ನಬಸಪ್ಪನವರು ನೆಲ ನೋಡುತ್ತ ಕುಳಿತಿದ್ದರು. ಕಡೆಗೆ ಅವರೇ ಬಾಯಿ ತೆರೆದರು.

"ಕುಲ್ಸುಮ್ ಬೀ, ನಿನ್ನ ಕತಿ ತಗೊಂಡು ನಾ ಆಟ ಮಾಡೀನಿ."

"ಗೊತ್ತದ ರೀ. ಕೇಳೀನಿ."

"ಎಲ್ಲಾ ಸಿನೇಮಾದ್ದಂತ ತಿಳಿದಿದ್ದೆ. ಬೀಸೂದು ನಿಂದಂತ ಗೊತ್ತಿದ್ದಿಲ್ಲ. ಅದು ನಿನಗ ಹ್ಯಾಂಗ ಹೊಳೀತು?"

"ನನಗ ಹೊಳದದ್ದಲ್ರಿ. ನಿಮ್ಮವ್ವಾರು ಹೇಳಿದ್ರು, ನಾಳಿ ಬರೂ ಮುಂದ ಆಕಿನ್ನ ಬದುಕಿಸಿಕೊಂಡ ಬಾ ಅಂತ."

ಚನ್ನಬಸಪ್ಪನವರು ತಲೆ ಎತ್ತಿದರು. "ನಮ್ಮವ್ವ ಹೇಳಿದ್ಲಾ?"

"ಹೌದ್ರಿ. ಅವರು ಕೇಳದಿದ್ರ ಆಕಿ ಸತ್ತೇ ಹೋಗಿದ್ಲು."

ಅವರು ಹೆಂಡತಿಯ ಕಡೆ ನೋಡಿದರು. ದ್ರೌಪತಿ ಹೌದೆಂದು ತಲೆಯಾಡಿಸಿದಳು. ತಾಯಿ ಕೊನೆಯ ದಿನಗಳಲ್ಲಿ ಅದೊಂದೇ ಕತೆಯನ್ನು ಯಾಕೆ ಮತ್ತೆ ಮತ್ತೆ ಕೇಳಿದಳೆಂದು ಅವರು ಆಗಾಗ ಯೋಚಿಸಿದ್ದರು, ಉತ್ತರ ಸಿಕ್ಕಿರಲಿಲ್ಲ. ಶಲ್ಯದಿಂದ ಮುಖ ಒರೆಸಿಕೊಂಡು ಕೇಳಿದರು:

"ಮತ್ತ ಗಂಡ ಬೀಸಾಕ ಕೂಡೂದು?"

"ಅದು ನಮ್ಮನೀದು ರೀ," ಎಂದಳು ಕುಲ್ಸುಮ್ ಬೀ. "ಸೂಜಿ ಹಿಡದ ಹಿಡದ ನನ್ನ ಮಣಿಕಟ್ಟು ನೋಯ್ತಿತ್ತು. ನಮ್ಮವರು ಎದುರಿಗೆ ಕುಂತು ಕೂಡ ಬೀಸ್ತಿದ್ರು. ಬಾಗಲಾ ಹಾಕ್ಕೊಂಡು. ಓಣ್ಯಾಗಿನ ಮಂದಿ ನೋಡಿದ್ರ ನಗ್ತಾರಂತ."

ಒಳಗಿನಿಂದ ಚಹಾ ಬಂತು. ಚನ್ನಬಸಪ್ಪನವರು ಕುಡಿದು, ಬಟ್ಟಲು ಕೆಳಗಿಟ್ಟು, ತಾವು ಯೋಚಿಸಿಕೊಂಡು ಬಂದದ್ದನ್ನು ಹೇಳಿದರು. ಇನ್ನು ಮುಂದೆ ಆಟ ಶುರುವಾಗುವ ಮೊದಲು ಕತೆ ಕುಲ್ಸುಮ್ ಬೀಯದೆಂದು ಸಭೆಯಲ್ಲಿ ಹೇಳಿಸುತ್ತೇನೆ ಎಂದರು.

"ಬ್ಯಾಡ್ರಿ ಸಾವ್ಕಾರ್ರೆ. ನಾನು ನಾಲ್ಕ ಮನಿಗಿ ಹೋಗಿ ಹೊಲದು ಉಣ್ಣಾಕಿ. ಈಗಿನ ದಿನಮಾನದಾಗ ನನ್ನ ಹೆಸರು ಕಟ್ಟಿ ಮ್ಯಾಲಿಂದ ಒದರೂದು ನನಗೂ ಬ್ಯಾಡ, ನಮ್ಮಣ್ಣಗೂ ಬ್ಯಾಡ."

"ಹಂಗಾರ ಏನ ಮಾಡ್ಲಿ ಹೇಳು."

"ಆಕಿ ಕಾಲಿಗಿ ಬೀಳೂದ ತಗೀರಿ."

ಚನ್ನಬಸಪ್ಪನವರು ಇದನ್ನು ನಿರೀಕ್ಷಿಸಿರಲಿಲ್ಲ. "ಅದನ್ನ ಹ್ಯಾಂಗ ತಗೀಲಿ? ಚಪ್ಪಾಳಿ ಬೀಳೂದೇ ಅಲ್ಲಿ."

"ಬೀಳ್ತಾವ ರೀ. ಡೇರೇದಾಗೂ ಅಲ್ಲೇ ಬಿದ್ದಿದ್ವು." ಅವಳು ಧ್ವನಿ ಏರಿಸಲಿಲ್ಲ. "ಅದನ್ನ ಇಟ್ಟಕೊಂಡ್ರ ಅದು ಸಿನೇಮಾದ ಕತಿ ಆತು. ಅವ್ವಾರದಲ್ಲ, ನಂದಲ್ಲ. ನಿಮ್ಮ ಹೆಸರೇ ಹಾಕ್ಕೋರಿ, ನನಗ ಬ್ಯಾಸರಿಲ್ಲ."

ಚನ್ನಬಸಪ್ಪನವರು ಹುಮನಾಬಾದಿನ ದಾರಿಯುದ್ದಕ್ಕೂ ದ್ರೌಪತಿಯ ಜೊತೆ ವಾದ ಮಾಡಿದರು. ಮಂಗಳಕ್ಕೆ ಮೊದಲು ಕತೆ ಒಂದು ಕಡೆ ನಿಲ್ಲಬೇಕು, ಗಂಡ ಹೆಂಡತಿ ಒಂದಾದದ್ದು ಜನಕ್ಕೆ ಕಣ್ಣಿಗೆ ಕಾಣಬೇಕು ಎಂಬುದು ಅವರ ಮಾತು. ಒಂದೇ ಗೂಟ ಹಿಡಿದು ಕುಳಿತದ್ದು ಕಣ್ಣಿಗೆ ಕಾಣುವುದಿಲ್ಲವೇ ಎಂಬುದು ಅವಳದು.

ಮುಂದಿನ ಆಟ ಮುಡಬಿಯಲ್ಲಿತ್ತು. ತಾಲೀಮಿನಲ್ಲಿ ಚನ್ನಬಸಪ್ಪನವರು ಮೇಳದವರ ಮುಂದೆ ವಿಷಯ ಇಟ್ಟರು. ಗಂಡನ ಪಾತ್ರದವನು ಒಪ್ಪಲಿಲ್ಲ. ಬೀಸಲು ಕುಳಿತು ನಗೆಗೀಡಾಗಿ ಕಳೆದುಕೊಂಡ ಮರ್ಯಾದೆ, ಹೆಂಡತಿ ತನ್ನ ಕಾಲಿಗೆ ಬಿದ್ದಾಗಲೇ ತಿರುಗಿ ಬರುವುದು ಎಂದು ಅವನ ವಾದ. ಗಂಗವ್ವನ ಪಾತ್ರದ ಬಸವಣಪ್ಪ ಹೇಳಿದ:

"ಆ ಪದ ಹಾಡಿ ಆದ ಮ್ಯಾಲ ಬೀಳಾಕ ನನಗೂ ಮನಸ ಬರಂಗಿಲ್ಲ. ಮೊದಲ ದಿನದಿಂದೂ ಬರವಲ್ದು. ನೀವು ಹೇಳೀರಂತ ಬೀಳಾಕತ್ತೀನಿ."

ಮುಡಬಿಯಲ್ಲಿ ಗಂಗವ್ವ ಬೀಳಲಿಲ್ಲ. ಪದ ಮುಗಿಯಿತು, ಹಾರ್ಮೋನಿಯಂ ನಿಂತಿತು, ಇಬ್ಬರೂ ಬೀಸುತ್ತಲೇ ಇದ್ದರು. ಜನಕ್ಕೆ ಆಟ ಮುಗಿಯಿತೋ ಇಲ್ಲವೋ ತಿಳಿಯಲಿಲ್ಲ. ಹಿಂದಿನಿಂದ ಒಂದಿಬ್ಬರು "ಕಾಲಿಗಿ ಬೀಳೂದ ಯಾವಾಗ?" ಎಂದು ಕೂಗಿದರು, ಅವರು ಕಲ್ಯಾಣಿಯಲ್ಲಿ ಮೊದಲೇ ಆಟ ನೋಡಿದವರು. ಹೆಂಗಸರ ಕಡೆಯಿಂದ ಒಬ್ಬಳು, "ಸುಮ್ಕ ಕೂಡ್ರಿ, ಚೀಲ ಇನ್ನೂ ಮುಗಿದಿಲ್ಲ," ಎಂದಳು. ಅಲ್ಲಿಗೆ ಪರದೆ ಎಳೆದರು. ಚಪ್ಪಾಳೆ ಮೊದಲಿನಷ್ಟು ಬೀಳಲಿಲ್ಲ. ಆದರೆ ಜನ ಬೇಗ ಎದ್ದು ಹೋಗಲೂ ಇಲ್ಲ.

ಅಂದಿನಿಂದ ಆಟಕ್ಕೆ ಮೊದಲು ಮೇಳದ ಮುಖ್ಯಸ್ಥ ಹೀಗೆ ಹೇಳುವುದು ರೂಢಿಯಾಯಿತು: "ಈ ಕತಿ ಅರ್ಧಾ ಬೊಂಬಾಯಿದು, ಅರ್ಧಾ ಹುಮನಾಬಾದಿನ ಇಬ್ಬರು ಹೆಣ್ಣಮಕ್ಕಳದು. ಸಾವ್ಕಾರ್ರು ಬರಕೊಂಡಾರ, ನಾವು ಆಡಾಕತ್ತೇವಿ." ಈ ಮಾತಿಗೆ ಕುಲ್ಸುಮ್ ಬೀ ಒಪ್ಪಿದ್ದಳು. ಇಬ್ಬರಲ್ಲಿ ಒಬ್ಬಳು ಸಂಗಮ್ಮ ಎಂದು ಚನ್ನಬಸಪ್ಪನವರು ತಾವೇ ಎಲ್ಲರಿಗೂ ಹೇಳಿದರು. ಇನ್ನೊಬ್ಬಳು ಯಾರೆಂದು ಊರಿನಲ್ಲಿ ಬೇರೆ ಬೇರೆ ಹೆಸರು ಓಡಾಡಿದವು, ಅವಳ ಹೆಸರೊಂದನ್ನು ಬಿಟ್ಟು.

ಆ ಚಳಿಗಾಲ ಮಾಣಿಕನಗರದಲ್ಲಿ ಆಟವಾದಾಗ ದ್ರೌಪತಿ ಕುಲ್ಸುಮ್ ಬೀಯನ್ನು ಕರೆಸಿಕೊಂಡಳು. ಹೆಂಗಸರ ನಡುವೆ ಇಬ್ಬರೂ ಒಂದೇ ಕಂಬಳಿ ಹೊದ್ದು ಕುಳಿತು ನೋಡಿದರು. ಗಂಡ ಪಟಗ ತೆಗೆದಿಟ್ಟು ಬೀಸಲು ಕುಳಿತಾಗ ದ್ರೌಪತಿ ಪಕ್ಕಕ್ಕೆ ತಿರುಗಿ ನೋಡಿದಳು. ಕುಲ್ಸುಮ್ ಬೀಯ ಬಲಗೈ ಕಂಬಳಿಯೊಳಗೆ ಮೆಲ್ಲಗೆ ತಿರುಗುತ್ತಿತ್ತು. ಅವಳು ಅಳುತ್ತಿರಲಿಲ್ಲ. ಆಟ ಮುಗಿದ ಮೇಲೆ ಹೇಗಿತ್ತೆಂದು ದ್ರೌಪತಿ ಕೇಳಿದಳು.

"ಚಲೋ ಮಾಡ್ಯಾರ್ರಿ. ಕಲ್ಲ ಖಾಲಿ ತಿರುವಾಕತ್ತಾರ, ಸಪ್ಪಳ ಬ್ಯಾರೆ ಬರ್ತದ. ಒಂದೀಟು ಜ್ವಾಳ ಹಾಕ್ಕೋರಿ ಅಂತ ಹೇಳ್ರಿ ಅಕ್ಕಾರ."

ಮುಂದಿನ ಆಟದಿಂದ ಜೋಳ ಹಾಕಿಕೊಂಡರು.

೧೯೫೦ರ ಹೊತ್ತಿಗೆ ಇನ್ನೊಂದು ಊರಿನ ಮೇಳವೂ ಬೀಸುಕಲ್ಲಿನ ಆಟ ಆಡತೊಡಗಿತು. ಅವರು ಕಾಲಿಗೆ ಬೀಳುವುದನ್ನು ಇಟ್ಟುಕೊಂಡರು. ಅದಕ್ಕೆ ಒಂದು ಹಾಡನ್ನೂ ಸೇರಿಸಿದರು. ಅವರ ಆಟಕ್ಕೆ ಹೆಚ್ಚು ವೀಳ್ಯ ಬರುತ್ತಿತ್ತು. "ನಮ್ಮ ಆಟ ಕದ್ದಾರ," ಎಂದು ಚನ್ನಬಸಪ್ಪನವರು ಸಿಟ್ಟಿನಿಂದ ಮನೆಗೆ ಬಂದು ಹೇಳಿದರು. ದ್ರೌಪತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು. ಅವರೇ ಸ್ವಲ್ಪ ಹೊತ್ತಿನ ಮೇಲೆ ನಕ್ಕರು. ಆ ಮೇಳದ ಮೇಲೆ ಪಂಚಾಯಿತಿ ಕೂಡಿಸಬೇಕೆಂದಿದ್ದವರು ಸುಮ್ಮನಾದರು. ಅವರು ಆಮೇಲೆಯೂ ಆಟ ಬರೆದರು, ಅದರಲ್ಲಿ ಬೇರೆಯವರ ಕತೆಗಳೇ ಹೆಚ್ಚು. ಆದರೆ ಕತೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಮೊದಲು ಕೇಳಿಕೊಳ್ಳುತ್ತಿದ್ದರು.

ಬದ್ರುದ್ದೀನನ ಸುದ್ದಿ ಎಂದೂ ಬರಲಿಲ್ಲ. ಕುಲ್ಸುಮ್ ಬೀಗೆ ಮತ್ತೆ ನಿಕಾಹ್ ಮಾಡಿಸುವ ಮಾತು ಒಂದೆರಡು ಸಲ ಎದ್ದಿತು. ಅವಳು ಬೇಡ ಎಂದಳು, ಅಣ್ಣ ಒತ್ತಾಯ ಮಾಡಲಿಲ್ಲ. ಅದೇ ವರ್ಷ ಡೇರೆ ಸಿನೇಮಾ ಮತ್ತೆ ಆ ಕಡೆಗೆ ಬಂತು, ಈ ಸಲ ಕಲ್ಯಾಣಿಯ ಕೋಟೆಯ ಹತ್ತಿರದ ಬಯಲಿಗೆ. ಬಾಗಿಲಲ್ಲಿ ಗುರುತಿನವರು ಯಾರೂ ಇರಲಿಲ್ಲ. ಅವಳು ಟಿಕೀಟು ತೆಗೆದುಕೊಂಡು ಒಳಗೆ ಹೋಗಿ ನೋಡಿ ಬಂದಳು.

ಮರುದಿನ ತುಳಜಾಬಾಯಿಯ ಪಡಸಾಲೆಯಲ್ಲಿ ದಿಂಬು ಹೊಲಿಯುತ್ತ ಆ ಕತೆ ಹೇಳಿದಳು. ಒಬ್ಬ ಟಾಂಗಾ ಹೊಡೆಯುವವನು ಮತ್ತು ಅವನ ಕುರುಡಿ ತಂಗಿಯ ಕತೆ. ಅಷ್ಟು ಹೊತ್ತಿಗೆ, ಹಳೆಯ ಸಿನೇಮಾಗಳಿಗೆ ತನ್ನದೂ ಒಂದಿಷ್ಟು ಸೇರಿಸಿ ಇವಳು ಹೇಳುತ್ತಿದ್ದ ಕತೆ ಕೇಳಲೆಂದು ಅಕ್ಕಪಕ್ಕದ ಮನೆಯವರೂ ಬಂದು ಕೂಡುತ್ತಿದ್ದರು. ಕತೆ ಮುಗಿದ ಮೇಲೆ ತುಳಜಾಬಾಯಿ ಸ್ವಲ್ಪ ಕಾದು ಕೇಳಿದಳು:

"ಇಷ್ಟೇನಾ? ಇದರಾಗ ನಿಂದೇನದ?"

"ನಂದೇನೂ ಇಲ್ರಿ ಬಾಯಿ. ಇದ್ದದ್ದ ಇದ್ಹಾಂಗ ಹೇಳೀನಿ."

"ಯಾಕ?"

"ಮಾಡಿದವರೇ ಚಲೋ ಮಾಡ್ಯಾರ್ರಿ," ಎಂದು ಕುಲ್ಸುಮ್ ಬೀ ದಿಂಬಿನ ಬಾಯಿ ಹೊಲಿದು, ದಾರ ಕಡಿದಳು.